ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಮನೆಯಲ್ಲೇ ಬದಲಿಸಬಹುದಾ? ಹಳೆ ಡೀಸೆಲ್ ಕಾರು ಇರುವವರು ಓದಲೇಬೇಕು

ಶಿವಮೊಗ್ಗ: ಸೆಕೆಂಡ್ ಹ್ಯಾಂಡ್ ಡಸ್ಟರ್, ವೆರಿಟೋ, ಫಿಗೋ ಡೀಸೆಲ್ ಕಾರುಗಳು ತಾಲೂಕು ಕೇಂದ್ರಗಳಲ್ಲಿ ಈಗ ಸಾಮಾನ್ಯ. ಅಡಿಕೆ ವ್ಯಾಪಾರಕ್ಕೆ, ಅಂಗಡಿ ಮಾಲು ತರೋದಕ್ಕೆ, ಮನೆಯವರನ್ನು ಮಣಿಪಾಲದ ಆಸ್ಪತ್ರೆಗೆ ಕರ್ಕೊಂಡು ಹೋಗೋದಕ್ಕೆ ಎಲ್ಲದಕ್ಕೂ ಅದೇ ಗಾಡಿ. ತಗೊಳ್ಳುವಾಗ ಟೈರ್ ನೋಡ್ತಾರೆ, ಪೇಂಟ್ ನೋಡ್ತಾರೆ, ಇನ್ಶೂರೆನ್ಸ್ ಕೇಳ್ತಾರೆ. ಆದರೆ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಕೇಳುವವರು ಕಡಿಮೆ.

ಇಂಜಿನ್ನಿನ ಒಂದು ಪಕ್ಕದಲ್ಲಿ, ಪ್ಲಾಸ್ಟಿಕ್ ಕವರ್ ಒಳಗೆ ಇರೋ ಈ ರಬ್ಬರ್ ಬೆಲ್ಟ್ ಕಣ್ಣಿಗೆ ಕಾಣಲ್ಲ. ಸವೆದಿದ್ದರೂ ಗಾಡಿ ಓಡಿಸುವಾಗ ಗೊತ್ತಾಗಲ್ಲ. ಒಂದು ದಿನ ತುಂಡಾದರೆ ಮಾತ್ರ ಇಂಜಿನ್ ಹೆಡ್ ಇಳಿಸುವ ತನಕ ಕೆಲಸ ಹೋಗುತ್ತದೆ. ಬೆಲ್ಟ್ ಬದಲಿಸೋ ಖರ್ಚು ಕೆಲವು ಸಾವಿರ ಆದರೆ, ತುಂಡಾದ ಮೇಲಿನ ಖರ್ಚು ಅದರ ಹಲವು ಪಟ್ಟು. ಹಳೆ ಗಾಡಿಯಾದರೆ ಗಾಡಿಯ ಬೆಲೆಯ ದೊಡ್ಡ ಪಾಲು ಅಲ್ಲೇ ಹೋಗಬಹುದು.

ಖರ್ಚು ಉಳಿಸಲು ಮನೆಯಲ್ಲೇ ಈ ಕೆಲಸ ಮಾಡಬಹುದಾ? ಮಾಡೋದಾದರೆ ಹೇಗೆ? ಮಾಡದಿದ್ದರೆ ಗ್ಯಾರೇಜಿನಲ್ಲಿ ಏನು ಕೇಳಬೇಕು? ಇಲ್ಲಿದೆ ವಿವರ.

ಬೆಲ್ಟ್ ಮಾಡೋ ಕೆಲಸ ಏನು?

ಇಂಜಿನ್ನಿನ ಕೆಳಗೆ ಕ್ರ್ಯಾಂಕ್ ಶಾಫ್ಟ್ ಇದೆ. ಪಿಸ್ಟನ್‌ಗಳು ಮೇಲೆ ಕೆಳಗೆ ಆಡೋದು ಇದರ ಜೊತೆ. ಮೇಲೆ ಹೆಡ್ಡಿನಲ್ಲಿ ಕ್ಯಾಮ್ ಶಾಫ್ಟ್ ಇದೆ. ವಾಲ್ವ್‌ಗಳು ತೆರೆದು ಮುಚ್ಚೋದು ಇದರಿಂದ. ಇವೆರಡೂ ಒಂದೇ ಲೆಕ್ಕದಲ್ಲಿ ತಿರುಗಬೇಕು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಸರಿಯಾಗಿ ಒಂದು ಸುತ್ತು. ಈ ಲೆಕ್ಕ ತಪ್ಪದ ಹಾಗೆ ಇಬ್ಬರನ್ನೂ ಕಟ್ಟಿ ಹಾಕಿರೋದು ಹಲ್ಲುಗಳಿರುವ ಟೈಮಿಂಗ್ ಬೆಲ್ಟ್.

ಗಾಡಿ 2,000 ಆರ್‌ಪಿಎಂನಲ್ಲಿ ಹೋಗ್ತಾ ಇದ್ದರೆ ಕ್ಯಾಮ್ ಶಾಫ್ಟ್ ನಿಮಿಷಕ್ಕೆ 1,000 ಸುತ್ತು ತಿರುಗುತ್ತದೆ. ಅಂದರೆ ಒಂದೊಂದು ವಾಲ್ವೂ ನಿಮಿಷಕ್ಕೆ 1,000 ಸಲ ತೆರೆದು ಮುಚ್ಚುತ್ತದೆ. ವಾಲ್ವ್ ಕೆಳಗೆ ಇಳಿದಾಗ ಪಿಸ್ಟನ್ ದಾರಿ ಬಿಟ್ಟಿರಬೇಕು, ಪಿಸ್ಟನ್ ಮೇಲೆ ಬಂದಾಗ ವಾಲ್ವ್ ಮುಚ್ಚಿರಬೇಕು. ಡೀಸೆಲ್ ಇಂಜಿನ್ನಿನಲ್ಲಿ ಇವೆರಡರ ನಡುವೆ ಜಾಗ ತೀರಾ ಕಡಿಮೆ.

ತುಂಡಾದರೆ ಏನಾಗುತ್ತದೆ?

ಬೆಲ್ಟ್ ತುಂಡಾದ ಕ್ಷಣಕ್ಕೆ ಕ್ಯಾಮ್ ನಿಂತುಬಿಡುತ್ತದೆ. ಆದರೆ ಕ್ರ್ಯಾಂಕ್ ನಿಲ್ಲಲ್ಲ, ಗಾಡಿಯ ವೇಗಕ್ಕೆ ಇನ್ನೂ ತಿರುಗುತ್ತಲೇ ಇರುತ್ತದೆ. ತೆರೆದೇ ಉಳಿದ ವಾಲ್ವ್‌ಗಳಿಗೆ ಪಿಸ್ಟನ್ ಬಂದು ಬಡಿಯುತ್ತದೆ. ವಾಲ್ವ್ ಬಾಗುತ್ತದೆ. ಜೋರಾಗಿದ್ದರೆ ಕ್ಯಾಮ್ ಶಾಫ್ಟ್ ಮುರಿಯಬಹುದು, ಪಿಸ್ಟನ್‌ಗೂ ಪೆಟ್ಟು ಬೀಳಬಹುದು. ಹಳೆ ಕಾಲದ ಕೆಲವು ಪೆಟ್ರೋಲ್ ಇಂಜಿನ್‌ಗಳಲ್ಲಿ ಬೆಲ್ಟ್ ಹೋದರೂ ವಾಲ್ವ್‌ಗೆ ಏನೂ ಆಗಲ್ಲ. ಡೀಸೆಲ್ ಕಾರುಗಳಲ್ಲಿ ಆ ಅದೃಷ್ಟ ಇರಲ್ಲ ಅಂತಲೇ ತಿಳಿಯಬೇಕು.

ದುಡ್ಡಿನ ಮಾತು ಒಂದು ಕಡೆ. ಮಲೆನಾಡಿನವರಿಗೆ ಇನ್ನೊಂದು ಭಯ ಇದೆ. ಆಗುಂಬೆ ಅಥವಾ ಹುಲಿಕಲ್ ಘಾಟಿ ಇಳಿಯುವಾಗ ಬೆಲ್ಟ್ ಹೋದರೆ ಇಂಜಿನ್ ಆಫ್ ಆಗುತ್ತದೆ, ಸ್ಟೀರಿಂಗ್ ಗಟ್ಟಿಯಾಗುತ್ತದೆ. ಬ್ರೇಕ್ ಹಗುರ ಮಾಡೋ ವ್ಯಾಕ್ಯೂಮ್ ಪಂಪ್ ಈ ಡೀಸೆಲ್ ಇಂಜಿನ್ನಿನಲ್ಲಿ ತಿರುಗೋದೇ ಕ್ಯಾಮ್ ಶಾಫ್ಟ್‌ನಿಂದ. ಕ್ಯಾಮ್ ನಿಂತರೆ ಅದೂ ನಿಲ್ಲುತ್ತದೆ. ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್‌ಗೆ ಒಂದೆರಡು ಸಲ ಬ್ರೇಕ್ ಸಲೀಸಾಗಿ ಹಿಡಿಯಬಹುದು, ಆಮೇಲೆ ಪೆಡಲ್ ಕಲ್ಲಿನ ಹಾಗೆ ಆಗುತ್ತದೆ.

ನಿಮ್ಮ ಗಾಡಿಯಲ್ಲಿ ಇರೋದು ಬೆಲ್ಟಾ, ಚೈನಾ?

ಎಲ್ಲ ಕಾರಿನಲ್ಲೂ ಟೈಮಿಂಗ್ ಬೆಲ್ಟ್ ಇರಲ್ಲ. ಕೆಲವದರಲ್ಲಿ ಚೈನ್ ಇರುತ್ತದೆ, ಅದಕ್ಕೆ ಇಷ್ಟು ಕಿಲೋಮೀಟರಿಗೆ ಬದಲಿಸಿ ಅನ್ನೋ ನಿಯಮ ಸಾಮಾನ್ಯವಾಗಿ ಇರಲ್ಲ. ನಮ್ಮ ಕಡೆ ಹೆಚ್ಚು ಕಾಣುವ ಗಾಡಿಗಳ ಲೆಕ್ಕ ಹೀಗಿದೆ.

• ರೆನೋ ಡಸ್ಟರ್, ಮಹೀಂದ್ರಾ ಲೋಗನ್ ಮತ್ತು ವೆರಿಟೋ, ನಿಸಾನ್ ಸನ್ನಿ, ಟೆರಾನೋ ಡೀಸೆಲ್: ಇವೆಲ್ಲದರಲ್ಲೂ ಇರೋದು ರೆನೋ ಕಂಪನಿಯ ಒಂದೇ 1461 ಸಿಸಿ ಇಂಜಿನ್. ಬೆಲ್ಟ್ ಇದೆ. ವಾಟರ್ ಪಂಪ್ ತಿರುಗೋದೂ ಅದೇ ಬೆಲ್ಟಿನಿಂದ.
• ಫೋರ್ಡ್ ಫಿಗೋ 1.4 ಡೀಸೆಲ್, ಫೋಕ್ಸ್‌ವ್ಯಾಗನ್ ಪೋಲೋ ಮತ್ತು ವೆಂಟೋದ 1.5, 1.6 ಡೀಸೆಲ್: ಬೆಲ್ಟ್. ವಾಟರ್ ಪಂಪೂ ಅದೇ ಬೆಲ್ಟಿಗೆ.
• ಹಳೆ ಇನ್ನೋವಾ 2.5 ಡೀಸೆಲ್: ಬೆಲ್ಟ್. ಬದಲಿಸೋ ಕಾಲಕ್ಕೆ ಮೀಟರಿನಲ್ಲಿ ಟಿ-ಬೆಲ್ಟ್ ಅನ್ನೋ ಲೈಟ್ ಹತ್ತುತ್ತದೆ. ಕ್ರಿಸ್ಟಾದ 2.4 ಡೀಸೆಲ್‌ಗೆ ಚೈನ್.
• ಮಾರುತಿ 800, ಓಮ್ನಿ, ಹಳೆ ಜೆನ್, ಆಲ್ಟೋ 800, ಹ್ಯುಂಡೈ ಸ್ಯಾಂಟ್ರೋ ಜಿಂಗ್: ಬೆಲ್ಟ್.
• ಸ್ವಿಫ್ಟ್, ಡಿಸೈರ್, ರಿಟ್ಜ್‌ನ 1.3 ಡೀಸೆಲ್, ಮಾರುತಿಯ ಕೆ-ಸೀರೀಸ್ ಪೆಟ್ರೋಲ್: ಚೈನ್.

ಅನುಮಾನ ಇದ್ದರೆ ಗಾಡಿ ಜೊತೆ ಬಂದ ಪುಸ್ತಕ ನೋಡಿ. ಮುಂದಿನ ವಿವರ ಡಸ್ಟರ್, ಲೋಗನ್, ವೆರಿಟೋಗಳ 1.5 ಡೀಸೆಲ್ ಇಂಜಿನ್ ಬಗ್ಗೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ರೆನೋ ಭಾರತದಲ್ಲಿ ಡೀಸೆಲ್ ಕಾರು ಮಾರೋದನ್ನೇ ನಿಲ್ಲಿಸಿತು. ಹಾಗಾಗಿ ರಸ್ತೆ ಮೇಲಿರುವ ಈ ಡೀಸೆಲ್ ಗಾಡಿಗಳೆಲ್ಲ ಹಳೆಯವೇ. ಕಂಪನಿಯಲ್ಲಿ ಹಾಕಿದ ಬೆಲ್ಟೇ ಇನ್ನೂ ಇದ್ದರೆ ತಡ ಮಾಡೋ ಹಾಗಿಲ್ಲ.

ವಾಟರ್ ಪಂಪ್ ಜೊತೆಗೇ ಯಾಕೆ?

ವಾಟರ್ ಪಂಪಿನ ಕೆಲಸ ಕೂಲಂಟನ್ನು ಇಂಜಿನ್ ಮತ್ತು ರೇಡಿಯೇಟರ್ ನಡುವೆ ಓಡಿಸೋದು. ಈ ಇಂಜಿನ್ನಿನಲ್ಲಿ ಪಂಪ್ ಕೂತಿರೋದು ಟೈಮಿಂಗ್ ಬೆಲ್ಟ್ ಹಾದಿಯಲ್ಲೇ. ಬೆಲ್ಟ್ ಬಿಚ್ಚದೆ ಪಂಪ್ ಬಿಚ್ಚಲು ಆಗಲ್ಲ.

"ಪಂಪ್ ಇನ್ನೂ ಚೆನ್ನಾಗಿದೆ, ಬೆಲ್ಟ್ ಮಾತ್ರ ಹಾಕಿ ಸಾಕು" ಅನ್ನೋದು ಇಲ್ಲಿ ಉಳಿತಾಯ ಆಗಲ್ಲ. ಆರು ತಿಂಗಳ ಮೇಲೆ ಪಂಪಿನ ಸೀಲ್ ಹೋದರೆ ಅಷ್ಟೂ ಕೆಲಸ ಮತ್ತೆ ಮೊದಲಿನಿಂದ, ಕೂಲಿ ಎರಡು ಸಲ. ಸೋರಿದ ಕೂಲಂಟ್ ಹೊಸ ಬೆಲ್ಟಿನ ಮೇಲೆ ಬಿದ್ದು ಬೆಲ್ಟೂ ಹಾಳು. ಪಂಪಿನ ಬೇರಿಂಗ್ ಜಾಮ್ ಆದರಂತೂ ಬೆಲ್ಟ್ ಹಲ್ಲು ಕಿತ್ತು ಇಂಜಿನ್ನೇ ಹೋಗುತ್ತದೆ. ಅದೇ ಲೆಕ್ಕ ಟೆನ್ಷನರ್ ರೋಲರಿಗೂ. ಬೆಲ್ಟನ್ನು ಬಿಗಿಯಾಗಿ ಹಿಡಿಯೋದು ಅದೇ. ಆದ್ದರಿಂದ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಹಾಕಿಸೋದೇ ಸರಿ. ಮೂರೂ ಸೇರಿದ ಕಿಟ್ ಸ್ಪೇರ್ಸ್ ಅಂಗಡಿಗಳಲ್ಲಿ ಸಿಗುತ್ತದೆ.

ಯಾವಾಗ ಬದಲಿಸಬೇಕು?

ಕಂಪನಿಯ ಸರ್ವಿಸ್ ಪುಸ್ತಕದಲ್ಲಿ ಎರಡು ಲೆಕ್ಕ ಇರುತ್ತದೆ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ. ಯಾವುದು ಮೊದಲು ಬರುತ್ತೋ ಅದು. ಜನ ತಪ್ಪೋದು ವರ್ಷದ ಲೆಕ್ಕದಲ್ಲಿ. "ನಮ್ಮ ಗಾಡಿ ಅಷ್ಟು ಓಡೇ ಇಲ್ಲ, ಶೆಡ್ಡಿನಲ್ಲೇ ನಿಂತಿರುತ್ತೆ" ಅಂತಾರೆ. ಬೆಲ್ಟ್ ರಬ್ಬರಿನದ್ದು. ಓಡದಿದ್ದರೂ ಇಂಜಿನ್ ಬಿಸಿಗೆ, ಕಾಲಕ್ಕೆ ಗಟ್ಟಿಯಾಗಿ ಬಿರಿಯುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಂಡವರಿಗೆ ನಿಯಮ ಸರಳ: ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಲೆಕ್ಕ. "ಹೋದ ವರ್ಷ ತಾನೇ ಹಾಕಿಸಿದ್ದು" ಅನ್ನೋ ಬಾಯಿಮಾತು ಸಾಲದು. ಮೀಟರ್ ನಂಬುವ ಹಾಗೂ ಇಲ್ಲ, ಓಡಿದ ಕಿಲೋಮೀಟರ್ ಹಿಂದೆ ತಿರುಗಿಸಿ ಮಾರುವವರು ಇದ್ದಾರೆ.

ಬೆಲ್ಟ್ ಹಾಳಾಗುವ ಮುಂಚೆ ಶಬ್ದ ಬರುತ್ತದೆ ಅನ್ನೋದು ತಪ್ಪು ಕಲ್ಪನೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕಿರ್ರ್ ಅನ್ನೋದು ಸಾಮಾನ್ಯವಾಗಿ ಹೊರಗಿನ ಆಲ್ಟರ್ನೇಟರ್ ಬೆಲ್ಟ್, ಜನ ಫ್ಯಾನ್ ಬೆಲ್ಟ್ ಅನ್ನೋದು. ಟೈಮಿಂಗ್ ಬೆಲ್ಟ್ ಹಲ್ಲಿನದ್ದು, ಜಾರಿ ಕಿರುಚಲ್ಲ. ಆದರೆ ಈ ಮೂರು ಲಕ್ಷಣ ಕಂಡರೆ ತಕ್ಷಣ ಕವರ್ ಬಿಚ್ಚಿಸಿ ನೋಡಬೇಕು.

• ಟೈಮಿಂಗ್ ಕವರ್ ಕಡೆಯಿಂದ ಬೇರಿಂಗ್ ಉಜ್ಜಿದ ಹಾಗೆ ಗುಂಯ್ ಅನ್ನೋ ಶಬ್ದ.
• ಇಂಜಿನ್ನಿನ ಆ ಪಕ್ಕದಲ್ಲಿ ಕೂಲಂಟ್ ಸೋರಿ ಒಣಗಿದ ಕಲೆ, ಅಥವಾ ಕೂಲಂಟ್ ಪದೇ ಪದೇ ಕಡಿಮೆ ಆಗೋದು.
• ಕವರಿನ ಕೆಳಗೆ ಎಣ್ಣೆ ಜಿಡ್ಡು. ಕ್ಯಾಮ್ ಅಥವಾ ಕ್ರ್ಯಾಂಕ್ ಆಯಿಲ್ ಸೀಲ್ ಸೋರುತ್ತಿದ್ದರೆ ಆ ಎಣ್ಣೆ ಬೆಲ್ಟಿನ ರಬ್ಬರನ್ನು ತಿನ್ನುತ್ತದೆ.

ಮನೆಯಲ್ಲಿ ಯಾರು ಮಾಡಬಹುದು?

ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ತಾವೇ ಬದಲಿಸಿಕೊಳ್ಳುವವರು ಇದ್ದಾರೆ. ಟಿಲ್ಲರ್, ಪಂಪ್‌ಸೆಟ್ ಇಂಜಿನ್ ಬಿಚ್ಚಿ ಜೋಡಿಸಿ ಕೈ ಪಳಗಿದವರು ಹಳ್ಳಿ ಹಳ್ಳಿಯಲ್ಲೂ ಸಿಗ್ತಾರೆ. ಅಂಥವರಿಗೆ ಇದು ಆಗದ ಕೆಲಸ ಅಲ್ಲ. ಆದರೆ ಮೊದಲ ಸಲ ಪಾನಾ ಹಿಡಿಯುವವರು ಇದರಿಂದ ಶುರು ಮಾಡಬಾರದು. ಬ್ರೇಕ್ ಪ್ಯಾಡ್ ಸರಿ ಕೂರದಿದ್ದರೆ ಶಬ್ದ ಬಂದು ಗೊತ್ತಾಗುತ್ತದೆ. ಇಲ್ಲಿ ಬೆಲ್ಟ್ ಎರಡು ಮೂರು ಹಲ್ಲು ಆಚೀಚೆ ಕೂತರೆ ಮೊದಲ ಸ್ಟಾರ್ಟಿಗೇ ಪಿಸ್ಟನ್ನು ವಾಲ್ವಿಗೆ ಬಡಿಯಬಹುದು.

ಬೇಕಾದ ಸಾಮಾನು ಹೀಗಿದೆ.

• ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಕಿಟ್. ಕ್ರ್ಯಾಂಕ್ ಪುಲ್ಲಿಗೆ ಹೊಸ ಬೋಲ್ಟ್. ಇಂಜಿನ್ ನಂಬರ್ ಕೊಟ್ಟೇ ತರಿಸಬೇಕು. ಒಂದೇ ಇಂಜಿನ್ ಆದರೂ ವರ್ಷದಿಂದ ವರ್ಷಕ್ಕೆ ಟೆನ್ಷನರ್ ಬದಲಾಗಿದೆ.
• ಈ ಇಂಜಿನ್ನಿನ ಟೈಮಿಂಗ್ ಲಾಕ್ ಪಿನ್ ಸೆಟ್. ಕ್ರ್ಯಾಂಕಿಗೆ ಒಂದು, ಕ್ಯಾಮಿಗೆ ಒಂದು.
• ಟಾರ್ಕ್ ರೆಂಚ್, ಸಾಕೆಟ್ ಸೆಟ್, ಅಲೆನ್ ಕೀ, ಬೋಲ್ಟನ್ನು ಡಿಗ್ರಿ ಲೆಕ್ಕದಲ್ಲಿ ತಿರುಗಿಸೋ ಆಂಗಲ್ ಗೇಜ್.
• ಜಾಕಿ, ಜೊತೆಗೆ ಗಟ್ಟಿ ಸ್ಟ್ಯಾಂಡ್. ಇಂಜಿನ್ ಕೆಳಗೆ ಕೊಡಲು ಇನ್ನೊಂದು ಜಾಕಿ ಮತ್ತು ಮರದ ತುಂಡು.
• ಕಂಪನಿ ಹೇಳಿದ ಬಗೆಯ ಕೂಲಂಟ್, ಡಿಸ್ಟಿಲ್ಡ್ ವಾಟರ್.
• ಆ ಮಾಡೆಲಿನ ವರ್ಕ್‌ಶಾಪ್ ಮ್ಯಾನ್ಯುಯಲ್. ಯಾವ ಬೋಲ್ಟ್ ಎಷ್ಟು ಬಿಗಿ ಅನ್ನೋದು ಅದರಲ್ಲೇ ನೋಡಬೇಕು, ಅಂದಾಜು ನಡೆಯಲ್ಲ.

ಪಾರ್ಟ್ಸ್ ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸುವವರು ಇದ್ದಾರೆ. ಎಲ್ಲಿಂದ ತಂದರೂ ಬಿಲ್ ತಗೊಳ್ಳಿ, ಡೂಪ್ಲಿಕೇಟ್ ಬಗ್ಗೆ ಹುಷಾರು. ಪ್ರಿಂಟ್ ಮಸುಕಾಗಿರೋ, ಸೀಲ್ ಒಡೆದಿರೋ ಡಬ್ಬ ಬೇಡ. ಹೊಸ ಬೆಲ್ಟನ್ನು ಹಳೆಯದರ ಪಕ್ಕ ಇಟ್ಟು ಅಗಲ ನೋಡಿ, ಹಲ್ಲು ಎಣಿಸಿ.

ಕೆಲಸದ ಕ್ರಮ

ಸಮ ನೆಲ ಬೇಕು, ಇಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿ ನಿಲ್ಲಿಸಿ ಬೆಳಗ್ಗೆ ಶುರು ಮಾಡೋದು ಒಳ್ಳೇದು. ಮೊದಲ ಸಲ ಮಾಡುವವರು ಎರಡು ದಿನ ಬಿಡುವು ಇಟ್ಟುಕೊಳ್ಳಲಿ. ಸಂತೆ ಹಿಂದಿನ ದಿನ ಬಿಚ್ಚಿ ಹಾಕಿ ಒದ್ದಾಡೋದು ಬೇಡ.

1. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಮುಂದಿನ ಬಲ ಚಕ್ರ, ಅಂದರೆ ಡ್ರೈವರ್ ಕಡೆಯದ್ದು, ಎತ್ತಿ ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿ. ಸ್ಟ್ಯಾಂಡ್ ಬದಲು ಇಟ್ಟಿಗೆ, ಕಲ್ಲು ಇಡಬಾರದು. ಇಟ್ಟಿಗೆ ಹೇಳದೆ ಕೇಳದೆ ಪುಡಿ ಆಗುತ್ತದೆ. ಬರೀ ಜಾಕಿ ನಂಬಿ ಗಾಡಿ ಕೆಳಗೆ ಹೋಗಬೇಡಿ.

2. ಚಕ್ರದ ಒಳಗಿನ ಪ್ಲಾಸ್ಟಿಕ್ ಲೈನರ್ ತೆಗೆದರೆ ಕ್ರ್ಯಾಂಕ್ ಪುಲ್ಲಿ ಕಾಣುತ್ತದೆ. ಆಲ್ಟರ್ನೇಟರ್ ಬೆಲ್ಟ್ ಬಿಚ್ಚಿ. ಕೆಳಗೆ ಪಾತ್ರೆ ಇಟ್ಟು ಕೂಲಂಟ್ ಇಳಿಸಿ.

3. ಇಂಜಿನ್ ಚೇಂಬರ್ ಕೆಳಗೆ ಮರದ ತುಂಡು ಇಟ್ಟು ಜಾಕಿ ಕೊಡಿ. ಆಮೇಲೆ ಬಲಗಡೆಯ ಇಂಜಿನ್ ಮೌಂಟಿಂಗ್ ಬಿಚ್ಚಿ. ಅಡ್ಡ ಬರುವ ಪೈಪು, ವೈರುಗಳನ್ನು ಪಕ್ಕಕ್ಕೆ ಕಟ್ಟಿ. ಬಿಚ್ಚುವ ಮುಂಚೆ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ಜೋಡಿಸುವಾಗ ಗೊಂದಲ ಇರಲ್ಲ. ಡೀಸೆಲ್‌ನ ಹೈ ಪ್ರೆಶರ್ ಪೈಪುಗಳನ್ನು ಮುಟ್ಟಬೇಡಿ.

4. ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಭಾರೀ ಬಿಗಿ. ಗಾಡಿಯನ್ನು ಟಾಪ್ ಗೇರಿನಲ್ಲಿ ಇಟ್ಟು, ಒಬ್ಬರು ಬ್ರೇಕ್ ಒತ್ತಿ ಹಿಡಿದರೆ ಸಡಿಲಿಸಬಹುದು. ಸಡಿಲಾದ ಮೇಲೆ ಮತ್ತೆ ಸ್ವಲ್ಪ ಬಿಗಿ ಮಾಡಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ಇಂಜಿನ್ ತಿರುಗಿಸಲು ಇದೇ ಬೋಲ್ಟ್ ಬೇಕು.

5. ಮೇಲಿನ ಟೈಮಿಂಗ್ ಕವರ್ ತೆಗೆಯಿರಿ. ಪಾನಾದಿಂದ ಕ್ರ್ಯಾಂಕನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಿ. ಕ್ಯಾಮ್ ಪುಲ್ಲಿಯ ತೂತು ಹಿಂದಿನ ಹೆಡ್ಡಿನ ತೂತಿಗೆ ಸರಿಯಾಗಿ ಬರುವ ತನಕ ತಿರುಗಿಸಬೇಕು. ಬ್ಲಾಕಿನ ಪ್ಲಗ್ ತೆಗೆದು ಕ್ರ್ಯಾಂಕ್ ಪಿನ್ ಹಾಕಿ, ಕ್ರ್ಯಾಂಕ್ ಆ ಪಿನ್ನಿಗೆ ಮೆಲ್ಲಗೆ ತಾಗಿ ನಿಲ್ಲುವ ಹಾಗೆ ಮಾಡಿ. ಕ್ಯಾಮ್ ಪಿನ್ ಹಾಕಿ. ಕ್ರ್ಯಾಂಕ್ ಸರಿ ನಿಂತರೂ ಕ್ಯಾಮ್ ತೂತು ಕಾಣದಿದ್ದರೆ ಗಾಬರಿ ಬೇಡ. ಕ್ರ್ಯಾಂಕ್ ಎರಡು ಸುತ್ತಿಗೆ ಕ್ಯಾಮ್ ಒಂದೇ ಸುತ್ತು ಅಲ್ವಾ, ಪಿನ್ ತೆಗೆದು ಇನ್ನೊಂದು ಸುತ್ತು ತಿರುಗಿಸಿದರೆ ಬರುತ್ತದೆ.

6. ಎರಡೂ ಪಿನ್ ಕೂತ ಮೇಲೆ ಪುಲ್ಲಿ, ಕೆಳಗಿನ ಕವರ್ ತೆಗೆಯಿರಿ. ಡೀಸೆಲ್ ಪಂಪ್ ಪುಲ್ಲಿಯ ಗುರುತು ಎಲ್ಲಿ ನಿಂತಿದೆ ನೋಡಿ, ಫೋಟೋ ತೆಗೆಯಿರಿ. ಟೆನ್ಷನರ್ ಸಡಿಲಿಸಿ ಹಳೆ ಬೆಲ್ಟ್ ತೆಗೆಯಿರಿ. ಇಲ್ಲಿಂದ ಮುಂದೆ ಹೊಸ ಬೆಲ್ಟ್ ಕೂರುವ ತನಕ ಕ್ರ್ಯಾಂಕಾಗಲಿ ಕ್ಯಾಮಾಗಲಿ ತಿರುಗಿಸಲೇಬಾರದು.

7. ವಾಟರ್ ಪಂಪ್ ಬಿಚ್ಚಿ. ಪಂಪ್ ಕೂತಿದ್ದ ಜಾಗದ ಹಳೆ ಗ್ಯಾಸ್ಕೆಟ್ ಚೂರು ಪೂರ್ತಿ ಕೆರೆದು ಒರೆಸಿ, ಲೋಹಕ್ಕೆ ಗೀರು ಬೀಳಬಾರದು. ಹೊಸ ಪಂಪ್ ಇಟ್ಟು ಬೋಲ್ಟುಗಳನ್ನು ಒಂದು ಬಿಟ್ಟು ಒಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಇವು ಸಣ್ಣ ಬೋಲ್ಟುಗಳು, ಜೋರು ಮಾಡಿದರೆ ಒಳಗೇ ಮುರಿಯುತ್ತವೆ. ಆಯಿಲ್ ಸೀಲ್ ಸೋರುತ್ತಿದ್ದರೆ ಬದಲಿಸಲು ಇದೇ ಸಮಯ.

8. ಹೊಸ ಟೆನ್ಷನರ್ ಕೂರಿಸಿ. ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ತಿರುಗುವ ದಿಕ್ಕಿಗೆ ಇರಬೇಕು, ಪುಲ್ಲಿಗಳಿಗೆ ಗೆರೆ ಕೊಟ್ಟಿದ್ದರೆ ಅದಕ್ಕೆ ಸರಿಯಾಗಬೇಕು. ಕೈಯಿಂದಲೇ ಹಾಕಿ. ಸ್ಕ್ರೂಡ್ರೈವರ್ ಕೊಟ್ಟು ಮೀಟಿದರೆ ಒಳಗಿನ ದಾರ ಕಟ್ ಆಗುತ್ತದೆ. ಬೆಲ್ಟನ್ನು ಮಡಚೋದು, ತಿರುಚೋದು, ಎಣ್ಣೆ ಕೈಯಲ್ಲಿ ಹಿಡಿಯೋದು ಮಾಡಬಾರದು.

9. ಟೆನ್ಷನರಿನ ಮುಳ್ಳನ್ನು ಅಲೆನ್ ಕೀಯಿಂದ ತಿರುಗಿಸಿ ಗುರುತಿಗೆ ತಂದು ನಟ್ ಬಿಗಿ ಮಾಡಿ. ಪಿನ್ ಎರಡನ್ನೂ ತೆಗೆಯಿರಿ. ಕೆಳಗಿನ ಕವರ್, ಪುಲ್ಲಿ ಇಟ್ಟು ಹಳೆ ಬೋಲ್ಟನ್ನೇ ತಾತ್ಕಾಲಿಕವಾಗಿ ಹಾಕಿ.

10. ಈಗ ಕ್ರ್ಯಾಂಕನ್ನು ಕೈಯಿಂದ, ಅದೇ ದಿಕ್ಕಿನಲ್ಲಿ, ಪೂರ್ತಿ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ. ಅದು ಪಿಸ್ಟನ್ ವಾಲ್ವಿಗೆ ತಾಗಿದ್ದಿರಬಹುದು. ಎರಡು ಸುತ್ತಾದ ಮೇಲೆ ಎರಡೂ ಪಿನ್ ಮತ್ತೆ ಸಲೀಸಾಗಿ ಕೂರಬೇಕು, ಟೆನ್ಷನರ್ ಮುಳ್ಳು ಗುರುತಿನಲ್ಲೇ ಇರಬೇಕು. ಕೂರಲಿಲ್ಲ ಅಂದರೆ ಬೆಲ್ಟ್ ತೆಗೆದು ಮತ್ತೆ ಹಾಕಬೇಕು. ಬೇರೆ ದಾರಿ ಇಲ್ಲ.

11. ಎಲ್ಲ ಸರಿ ಇದ್ದರೆ ಪಿನ್ ತೆಗೆದು, ಪ್ಲಗ್ ಹಾಕಿ, ಹೊಸ ಕ್ರ್ಯಾಂಕ್ ಬೋಲ್ಟನ್ನು ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ, ಆಮೇಲೆ ಹೇಳಿದಷ್ಟು ಡಿಗ್ರಿಗೆ ಬಿಗಿ ಮಾಡಿ. ಮೌಂಟಿಂಗ್, ಮೇಲಿನ ಕವರ್, ಆಲ್ಟರ್ನೇಟರ್ ಬೆಲ್ಟ್, ಚಕ್ರ ಜೋಡಿಸಿ. ಸ್ಟಾರ್ಟ್ ಮಾಡುವ ಮುಂಚೆ ಪಿನ್ ಎರಡೂ ಟೂಲ್ ಬಾಕ್ಸಿನಲ್ಲಿ ಇವೆಯಾ ಅಂತ ಎಣಿಸಿ.

ಎಲ್ಲಿ ತಪ್ಪಾಗುತ್ತದೆ?

ಪಿನ್ ಇಲ್ಲದೆ, ಹಳೆ ಬೆಲ್ಟ್ ಮತ್ತು ಪುಲ್ಲಿಗೆ ವೈಟ್‌ನರ್ ಗುರುತು ಹಾಕಿ ಹೊಸದಕ್ಕೆ ಅದೇ ಗುರುತು ಇಳಿಸೋದು ಹಲವರ ಪದ್ಧತಿ. ಹೆಚ್ಚುವರಿ ಖಾತರಿಗೆ ಅದು ಒಳ್ಳೇದೇ. ಆದರೆ ಪಿನ್‌ಗೆ ಬದಲಿ ಅಲ್ಲ. ಬೆಲ್ಟ್ ತೆಗೆದಾಗ ಕ್ಯಾಮ್ ವಾಲ್ವ್ ಸ್ಪ್ರಿಂಗಿನ ಒತ್ತಡಕ್ಕೆ ತಾನಾಗೇ ಜರುಗಬಹುದು. ಹಿಂದೆ ಹಾಕಿದವರೇ ಒಂದು ಹಲ್ಲು ತಪ್ಪಿಸಿದ್ದರೆ ಅದೇ ತಪ್ಪು ಹೊಸ ಬೆಲ್ಟಿಗೂ ಇಳಿಯುತ್ತದೆ.

ಇನ್ನೊಂದು ತಪ್ಪು, ಕ್ರ್ಯಾಂಕ್ ಬೋಲ್ಟ್ ಬಿಚ್ಚುವಾಗ ಟೈಮಿಂಗ್ ಪಿನ್ನಿನ ಮೇಲೆ ಭಾರ ಹಾಕೋದು. ಆ ಪಿನ್ ಇರೋದು ಜಾಗ ತೋರಿಸಲಿಕ್ಕೆ, ಬಲ ತಡೆಯಲಿಕ್ಕಲ್ಲ. ಬಾಗಿದ ಪಿನ್ ತಪ್ಪು ಜಾಗವನ್ನೇ ತೋರಿಸುತ್ತದೆ. ಮೂರನೆಯದು, ಹಳೆ ಕ್ರ್ಯಾಂಕ್ ಬೋಲ್ಟನ್ನೇ ಕೊನೆಗೂ ಉಳಿಸೋದು. ಒಂದು ಸಲ ಪೂರ್ತಿ ಬಿಗಿಯಾದಾಗ ಆ ಬೋಲ್ಟ್ ಎಳೆದುಕೊಂಡಿರುತ್ತದೆ, ಎರಡನೇ ಸಲ ಅದೇ ಹಿಡಿತ ಸಿಗಲ್ಲ.

ಕೂಲಂಟ್ ವಿಷಯ ಮರೆಯಬೇಡಿ

ನೀರೇ ಸಾಕು ಅಂತ ಬಾವಿ ನೀರು, ಬೋರ್ ನೀರು ತುಂಬುವವರು ಇದ್ದಾರೆ. ನೀರಿನ ಉಪ್ಪಿನಂಶ ಒಳಗೆ ಪದರ ಕಟ್ಟುತ್ತದೆ, ತುಕ್ಕು ಹಿಡಿಸುತ್ತದೆ. ಹೊಸ ಪಂಪಿನ ಸೀಲ್ ಹಾಳಾಗೋದೂ ಇದರಿಂದಲೇ. ಕಂಪನಿ ಹೇಳಿದ ಕೂಲಂಟನ್ನೇ ಹೇಳಿದ ಪ್ರಮಾಣದಲ್ಲಿ ಹಾಕಬೇಕು. ನಿಧಾನವಾಗಿ ತುಂಬಿ, ಗಾಳಿ ಬಿಡುವ ಸ್ಕ್ರೂ ತೆರೆದು ಗುಳ್ಳೆ ಬರೋದು ನಿಲ್ಲುವ ತನಕ ಕಾಯಿರಿ. ಒಳಗೆ ಗಾಳಿ ಉಳಿದರೆ ಹೊಸ ಪಂಪಿದ್ದರೂ ಗಾಡಿ ಬಿಸಿ ಆಗುತ್ತದೆ.

ಸ್ಟಾರ್ಟ್ ಮಾಡಿ, ಫ್ಯಾನ್ ಒಮ್ಮೆ ಓಡುವ ತನಕ ಬಿಟ್ಟು, ಪಂಪಿನ ಸುತ್ತ ಸೋರಿಕೆ ನೋಡಿ. ಪೂರ್ತಿ ತಣ್ಣಗಾದ ಮೇಲೆ ಮತ್ತೆ ಲೆವೆಲ್ ನೋಡಿ. ಬಿಸಿ ಇದ್ದಾಗ ಮುಚ್ಚಳ ತೆಗೆದರೆ ಮುಖಕ್ಕೆ ಚಿಮ್ಮುತ್ತದೆ.

ಇಳಿಸಿದ ಹಳೆ ಕೂಲಂಟ್ ವಿಷ. ರುಚಿ ಸಿಹಿ ಇರೋದರಿಂದ ನಾಯಿ, ಬೆಕ್ಕು, ದನಕರು ನೆಕ್ಕುವ ಅಪಾಯ ಇದೆ. ಕೊಟ್ಟಿಗೆ ಪಕ್ಕ, ಚರಂಡಿಗೆ, ತೋಟದ ಕಾಲುವೆಗೆ ಚೆಲ್ಲಬಾರದು. ಕ್ಯಾನಿನಲ್ಲಿ ತುಂಬಿ, ಹಳೆ ಆಯಿಲ್ ಜಮಾ ಮಾಡುವ ಗ್ಯಾರೇಜಿನಲ್ಲಿ ಇದನ್ನೂ ತಗೊಳ್ತಾರಾ ಅಂತ ಕೇಳಿ ಕೊಡಿ.

ಗ್ಯಾರೇಜಿಗೆ ಕೊಡುವವರು ಕೇಳಬೇಕಾದ್ದು

ಮನೆಯಲ್ಲಿ ಮಾಡದವರಿಗೂ ಮೇಲಿನ ಕ್ರಮ ಗೊತ್ತಿದ್ದರೆ ಉಪಯೋಗ. ಗಾಡಿ ಬಿಡುವ ಮುಂಚೆ ಈ ಐದು ಮಾತು ಕೇಳಿ.

• ಈ ಇಂಜಿನ್ನಿನ ಲಾಕ್ ಪಿನ್ ಸೆಟ್ ನಿಮ್ಮ ಹತ್ತಿರ ಇದೆಯಾ?
• ಟೆನ್ಷನರ್, ವಾಟರ್ ಪಂಪ್ ಸೇರಿಸಿ ಹಾಕ್ತೀರಾ? ಯಾವ ಕಂಪನಿಯದ್ದು?
• ಕ್ರ್ಯಾಂಕ್ ಬೋಲ್ಟ್ ಹೊಸದು ಹಾಕ್ತೀರಾ?
• ಹಳೆ ಸಾಮಾನು ವಾಪಸ್ ಕೊಡ್ತೀರಾ?
• ಬಿಲ್ಲಿನಲ್ಲಿ ತಾರೀಕು, ಕಿಲೋಮೀಟರ್, ಪಾರ್ಟ್ ನಂಬರ್ ಬರೀತೀರಾ?

ಕೈ ಪಳಗಿದ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳಲ್ಲ. ಪಿನ್ ಯಾಕೆ, ಕಣ್ಣಳತೆಗೇ ಹಾಕ್ತೀವಿ ಅನ್ನೋ ಕಡೆ ಡೀಸೆಲ್ ಗಾಡಿ ಬಿಡೋದು ಬೇಡ.

ದಾರಿಯಲ್ಲಿ ಹೋಗುವಾಗ ತುಂಡಾದರೆ?

ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಆಫ್ ಆದರೆ ಕ್ಲಚ್ ಒತ್ತಿ, ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಉಳಿದ ವ್ಯಾಕ್ಯೂಮ್ ಖಾಲಿ ಆಗುತ್ತದೆ. ಗಾಡಿ ಪೂರ್ತಿ ನಿಲ್ಲುವ ತನಕ ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ಸ್ಟೀರಿಂಗ್ ಗಟ್ಟಿಯಾದರೂ ಎರಡೂ ಕೈಯಿಂದ ತಿರುಗಿಸಬಹುದು. ಪಕ್ಕಕ್ಕೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.

ಆಮೇಲೆ ಮಾಡಬಾರದ್ದು ಒಂದೇ: ಮತ್ತೆ ಮತ್ತೆ ಸೆಲ್ಫ್ ಹೊಡೆಯೋದು, ಜನ ಸೇರಿಸಿ ತಳ್ಳಿ ಸ್ಟಾರ್ಟ್ ಮಾಡೋದು. ಬೆಲ್ಟ್ ಹೋಗಿದ್ದರೆ ಪ್ರತಿ ಸಲವೂ ಪಿಸ್ಟನ್ ವಾಲ್ವಿಗೆ ಇನ್ನಷ್ಟು ಬಡಿಯುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಟೋ ಮಾಡಿಸಿಕೊಂಡು ಹೋಗೋದೇ ದಾರಿ.

ಇದ್ಯಾವುದೂ ಬರದಿರಲಿ ಅಂದರೆ ಇಷ್ಟು ಮಾಡಿ. ಇವತ್ತೇ ಗಾಡಿಯ ಬಿಲ್ ಫೈಲ್ ತೆಗೆದು ಬೆಲ್ಟ್ ಬದಲಿಸಿದ ದಾಖಲೆ ಇದೆಯಾ ಹುಡುಕಿ. ಇಲ್ಲ ಅಂದರೆ ಮಳೆಗಾಲಕ್ಕೆ ಮುಂಚೆ, ಅಥವಾ ಮುಂದಿನ ಘಾಟಿ ಪ್ರಯಾಣಕ್ಕೆ ಮುಂಚೆ ಹಾಕಿಸಿಬಿಡಿ. ಹಾಕಿಸಿದ ಮೇಲೆ ತಾರೀಕು, ಕಿಲೋಮೀಟರ್ ಬರೆದ ಸ್ಟಿಕ್ಕರನ್ನು ಬಾನೆಟ್ ಒಳಗೆ ಅಂಟಿಸಿ. ಮುಂದೆ ಗಾಡಿ ಮಾರುವಾಗ ತಗೊಳ್ಳುವವರಿಗೂ ಅದೇ ನಂಬಿಕೆ.